ಬೆಲೆ ಇಳಿಯಿತೋ, ಇಳಿಸಿದರೋ?

ಕಗ್ಗದಾಸಪುರದಲ್ಲಿ ನಾವಿರುವ ಬೀದಿಯಲ್ಲಿ ಸಂಜೆಯಾದರೆ ಹಲವು ಭಾಷೆಗಳು ಕಿವಿಗೆ ಬೀಳುತ್ತವೆ. ತರಕಾರಿ ಗಾಡಿಯವನ ಕನ್ನಡ, ಬೇಕರಿಯ ಮಲಯಾಳ, ಗ್ಯಾರೇಜಿನ ದಖನಿ ಉರ್ದು, ಪೇಯಿಂಗ್ ಗೆಸ್ಟ್ ಕಟ್ಟಡಗಳ ತೆಲುಗು, ಬಂಗಾಳಿ, ಹಿಂದಿ. ಇತ್ತೀಚೆಗೆ ಇವುಗಳ ಜೊತೆ ಸ್ಪ್ಯಾನಿಷ್ ಕೂಡ ಸೇರಿಕೊಂಡಿದೆ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಯೊಬ್ಬಳು ಮೆಕ್ಸಿಕೋದ ಗ್ರಾಹಕರ ಲೆಕ್ಕಪತ್ರ ನೋಡುವ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಭಾನುವಾರ ಆಕೆ ನೋಟ್‌ಬುಕ್ ಹಿಡಿದು ನಮ್ಮಲ್ಲಿಗೆ ಬಂದಳು. ಪುಟದ ಎಡಕ್ಕೆ ಸ್ಪ್ಯಾನಿಷ್ ಕ್ರಿಯಾಪದಗಳು, ಬಲಕ್ಕೆ ಅವುಗಳ ಇಂಗ್ಲಿಷ್ ಅರ್ಥ. ಎಲ್ಲವೂ ಬೆಲೆ ಕಳೆದುಕೊಳ್ಳುವ ಅಥವಾ ಬೆಲೆ ಕಡಿಮೆ ಮಾಡುವ ಪದಗಳೇ. "ಅಂಕಲ್, ಎಲ್ಲದಕ್ಕೂ ಒಂದೇ ಅರ್ಥ ತಾನೇ? ಬೆಲೆ ಕಡಿಮೆಯಾಯ್ತು ಅನ್ನೋದಕ್ಕೆ ಇಷ್ಟೊಂದು ಪದ ಯಾಕೆ ಬೇಕು?" ಎಂದು ಕೇಳಿದಳು.

ಅದೇ ವಾರ ಬೀದಿಯ ತಿರುವಿನಲ್ಲಿ ಹೂ ಮಾರುವ ಅಜ್ಜಿಯೂ ನಮ್ಮ ಬಳಿ ಬಂದಿದ್ದರು. ಮನೆ ಬದಲಿಸುವಾಗ ಹಳೆಯ ಡಬ್ಬಿಯೊಂದರಲ್ಲಿ 500 ರೂಪಾಯಿಯ ನಾಲ್ಕು ಹಳೆಯ ನೋಟುಗಳು ಸಿಕ್ಕಿದ್ದವು. "ಎಲ್ಲಾ ಬ್ಯಾಂಕಿಗೆ ಕಟ್ಟಿದ್ದೀನಿ ಅಂದ್ಕೊಂಡಿದ್ದೆ ಸಾಮಿ, ಇವು ಉಳ್ಕೊಂಡಿದ್ವು. ಸತ್ತೋಗಿರೋ ನೋಟಂತಲ್ಲ, ಏನೂ ಮಾಡೋಕಾಗಲ್ವಾ?" ಎಂದರು. ಏನೂ ಮಾಡಲಾಗುವುದಿಲ್ಲ ಎಂದು ಹೇಳುವುದು ನಮಗೆ ಕಷ್ಟವಾಯಿತು.

ಹುಡುಗಿಯ ಪ್ರಶ್ನೆ ಮತ್ತು ಅಜ್ಜಿಯ ಮಾತು ಎರಡೂ ನಮ್ಮ ತಲೆಯಲ್ಲಿ ಒಟ್ಟಿಗೆ ಉಳಿದವು. ನೋಟು ಸತ್ತದ್ದೋ, ಯಾರಾದರೂ ಸಾಯಿಸಿದ್ದೋ? ಬೆಲೆ ಇಳಿದದ್ದೋ, ಇಳಿಸಿದ್ದೋ? ಮೇಲ್ನೋಟಕ್ಕೆ ಇದು ವ್ಯಾಕರಣದ ಪ್ರಶ್ನೆ. ಆದರೆ ನಾಣ್ಯಗಳ ಚರಿತ್ರೆಯನ್ನು ಓದಿದರೆ ಇದು ನ್ಯಾಯದ ಪ್ರಶ್ನೆಯೂ ಹೌದೆಂದು ಮನವರಿಕೆಯಾಗುತ್ತದೆ.

ಎರಡು ಬಗೆಯ ಪದಗಳು

ಹುಡುಗಿಯ ಪಟ್ಟಿಯಲ್ಲಿ ಮೊದಲನೆಯದು 'ದೆಪ್ರೆಸಿಯಾರ್'. ಇಂಗ್ಲಿಷಿನ 'ಡಿಪ್ರಿಶಿಯೇಟ್' ಇದರ ಒಡಹುಟ್ಟು. ಎರಡೂ ಲ್ಯಾಟಿನ್ ಭಾಷೆಯಲ್ಲಿ ಬೆಲೆ ಎಂಬರ್ಥದ ಪದದಿಂದ ಹುಟ್ಟಿದವು. ಕಾರು, ಯಂತ್ರ, ಕಟ್ಟಡ ವರ್ಷ ಕಳೆದಂತೆ ಬೆಲೆ ಕಳೆದುಕೊಳ್ಳುವುದನ್ನು ಇವು ಹೇಳುತ್ತವೆ. ನಮ್ಮ ಲೆಕ್ಕಪತ್ರದ ಪುಸ್ತಕಗಳು ಇದನ್ನು 'ಸವಕಳಿ' ಎನ್ನುತ್ತವೆ. ಕೈಯಿಂದ ಕೈಗೆ ಹೋಗಿ ಮುದ್ರೆ ಅಳಿಸಿಹೋದ ಕಾಸು 'ಸವಕಲು ಕಾಸು'. ಪುರಂದರದಾಸರು ವ್ಯಾಪಾರಿಯಾಗಿದ್ದ ದಿನಗಳ ಕಥೆಯಲ್ಲಿ, ನೆರವು ಬೇಡಿ ಬಂದ ಬಡವನ ಮುಂದೆ ಅವರು ಸುರಿದದ್ದು ಇಂಥ ಸವಕಲು ಕಾಸುಗಳನ್ನೇ ಎಂದು ಜನ ಹೇಳುತ್ತಾರೆ.

ಮುಂದಿನದು 'ಮೆರ್ಮಾರ್'. ದಾಸ್ತಾನಿಟ್ಟ ಧಾನ್ಯ ಒಣಗಿ ತೂಕ ಕಡಿಮೆಯಾಗುವುದು, ಚಿನ್ನ ಕರಗಿಸಿದಾಗ ಒಂದಿಷ್ಟು ಹೋಗುವುದು ಇದರ ವ್ಯಾಪ್ತಿಗೆ ಬರುತ್ತವೆ. ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನಲ್ಲಿ ಒಡವೆ ಕೊಂಡವರಿಗೆ 'ವೇಸ್ಟೇಜ್' ಎಂಬ ಪದದ ಬಿಸಿ ತಿಳಿದೇ ಇರುತ್ತದೆ. 'ಮೆಂಗ್ವಾರ್' ಎಂದರೆ ಕ್ಷೀಣಿಸುವುದು. ಹುಣ್ಣಿಮೆ ಕಳೆದ ಚಂದ್ರನಿಗೂ ಕೈಗುಂದಿದ ಸಿರಿಗೂ ಸ್ಪ್ಯಾನಿಷರು ಇದನ್ನೇ ಬಳಸುತ್ತಾರೆ. ಈ ಮೂರೂ ಪದಗಳಲ್ಲಿ ಯಾರನ್ನೂ ದೂರುವಂತಿಲ್ಲ. ಕಾಲ, ಬಿಸಿಲು, ಬೆಂಕಿ ತಮ್ಮ ಕೆಲಸ ಮಾಡುತ್ತವೆ.

ಎರಡನೇ ಬಗೆಯ ಪದಗಳು ಹಾಗಲ್ಲ. 'ರೆಬಾಹಾರ್' ಎಂದರೆ ಅಂಗಡಿಯವನು ಬೆಲೆ ಇಳಿಸುವುದು, ನಮ್ಮ ಪೇಟೆಯ ಭಾಷೆಯಲ್ಲಿ ಸೋಡಿ ಬಿಡುವುದು. 'ದೆವಾಲುಆರ್' ಎಂದರೆ ಸರಕಾರ ತನ್ನ ಹಣದ ಬೆಲೆಯನ್ನು ಆಜ್ಞೆಯ ಮೂಲಕ ತಗ್ಗಿಸುವುದು. ಇಂಗ್ಲಿಷಿನಲ್ಲಿ 'ಡಿವ್ಯಾಲ್ಯೂ', ಕನ್ನಡ ಪತ್ರಿಕೆಗಳಲ್ಲಿ 'ಅಪಮೌಲ್ಯ'. 'ಎನ್ವಿಲೆಸೆರ್' ಎಂದರೆ ಕೀಳಾಗಿಸುವುದು. ಬೆಳ್ಳಿಗೆ ತಾಮ್ರ ಬೆರೆಸಿ ನಾಣ್ಯದ ಮಟ್ಟ ಕೆಡಿಸುವುದಕ್ಕೆ ಈ ಪದ ಸಲ್ಲುತ್ತದೆ. ಇಂಗ್ಲಿಷರು ಇದನ್ನು 'ಡಿಬೇಸ್' ಎನ್ನುತ್ತಾರೆ. ಇಲ್ಲೆಲ್ಲ ಮಾಡುವವನೊಬ್ಬ ಇರಲೇಬೇಕು.

ಕನ್ನಡದಲ್ಲಿ ಈ ಭೇದ ಇನ್ನೂ ನಿಚ್ಚಳವಾಗಿದೆ. ಇಳಿ, ಇಳಿಸು. ಕುಗ್ಗು, ಕುಗ್ಗಿಸು. ಸವೆ, ಸವೆಸು. 'ಇಸು' ಪ್ರತ್ಯಯ ಬಂದೊಡನೆ "ಯಾರು?" ಎಂಬ ಪ್ರಶ್ನೆ ಏಳುತ್ತದೆ. ಸ್ಪ್ಯಾನಿಷಿನಲ್ಲಿ 'ಸೆ' ಎಂಬ ಪುಟ್ಟ ಪದವೊಂದನ್ನು ಕ್ರಿಯಾಪದಕ್ಕೆ ಅಂಟಿಸಿದರೆ ಸಾಕು, ಮಾಡಿದವನು ಮರೆಯಾಗುತ್ತಾನೆ. 'ಪೆಸೋ ಸೆ ದೆವಾಲುಓ' ಎಂದರೆ ಪೆಸೋ ತಾನಾಗಿ ಬೆಲೆ ಕಳೆದುಕೊಂಡಿತು ಎಂದೂ ಆಗಬಹುದು, ಅದರ ಬೆಲೆಯನ್ನು ಇಳಿಸಲಾಯಿತು ಎಂದೂ ಆಗಬಹುದು. ನಮ್ಮ ಕಡತಗಳ ಕನ್ನಡದಲ್ಲಿರುವ 'ಲಾಗಿದೆ' ಕೂಡ ಇದೇ ಕೆಲಸ ಮಾಡುತ್ತದೆ. ರದ್ದುಪಡಿಸಲಾಗಿದೆ, ಕಡಿತಗೊಳಿಸಲಾಗಿದೆ ಎಂದಾಗ ಯಾರು ರದ್ದುಪಡಿಸಿದರು ಎಂಬುದನ್ನು ನಾವೇ ಹುಡುಕಿಕೊಳ್ಳಬೇಕು.

ಒಂದೇ ಮೂಲ, ಎರಡು ದಾರಿ

ಈ ಪದಗಳನ್ನು ಹಿಂಬಾಲಿಸುತ್ತಾ ಹೋದರೆ ಅಚ್ಚರಿಯೊಂದು ಎದುರಾಗುತ್ತದೆ. ಸ್ಪೇನಿನ ವ್ಯಾಪಾರದ ಪದಗಳಲ್ಲಿ ಅನೇಕವು ಮತ್ತು ನಮ್ಮ ಸಂತೆ, ಕಚೇರಿಗಳ ಪದಗಳಲ್ಲಿ ಅನೇಕವು ಅರಬಿ ಭಾಷೆಯಿಂದ ಬಂದವು. ಕ್ರಿ.ಶ. 711ರಿಂದ 1492ರವರೆಗೆ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಮ್ ಆಳ್ವಿಕೆ ಇತ್ತು. ಹಾಗಾಗಿ ಅಳತೆ, ತೂಕ, ಸುಂಕ, ಟಂಕಸಾಲೆಗಳ ಅರಬಿ ಪದಗಳು ಅಲ್ಲಿ ಬೇರೂರಿದವು. ನಮಗಾದರೋ ಅವು ಪಾರ್ಸಿ ಮತ್ತು ದಖನಿಯ ಮೂಲಕ ಬಹಮನಿ, ಆದಿಲ್‌ಶಾಹಿ, ಮೈಸೂರು ದರ್ಬಾರುಗಳ ಲೆಕ್ಕದ ಕಡತಗಳಿಂದ ಇಳಿದುಬಂದವು.

ಅರಬಿಯಲ್ಲಿ 'ಅವಾರ್' ಎಂದರೆ ಊನ, ಹಾನಿ. ಹಡಗಿನಲ್ಲಿ ಕೆಟ್ಟುಹೋದ ಸರಕಿಗೆ ಇದರಿಂದ ಹೆಸರು ಬಂತು. ಇಟಲಿಯ ಬಂದರುಗಳನ್ನು ಹಾದು ಈ ಪದ ಸ್ಪ್ಯಾನಿಷಿನಲ್ಲಿ 'ಅವೆರಿಯಾ' ಆಯಿತು. ಇಂದಿಗೂ ಅಲ್ಲಿ ಯಂತ್ರ ಕೆಟ್ಟರೆ 'ಅವೆರಿಯಾ'. ಇಂಗ್ಲಿಷಿಗೆ ಬಂದ ಇದೇ ಪದ 'ಆವರೇಜ್'. ಬಿರುಗಾಳಿಗೆ ಸಿಕ್ಕ ಹಡಗನ್ನು ಉಳಿಸಲು ಕೆಲವರ ಸರಕನ್ನು ಸಮುದ್ರಕ್ಕೆ ಎಸೆಯಬೇಕಾಗುತ್ತಿತ್ತು. ಆ ನಷ್ಟವನ್ನು ಸರಕಿನ ಒಡೆಯರೆಲ್ಲ ತಮ್ಮ ಪಾಲಿಗೆ ತಕ್ಕಂತೆ ಹಂಚಿಕೊಳ್ಳಬೇಕೆಂಬುದು ಕಡಲ ವ್ಯಾಪಾರದ ನಿಯಮ. ಹೀಗೆ ಹಂಚಿದ ಲೆಕ್ಕವೇ ಕ್ರಮೇಣ ಗಣಿತದ 'ಆವರೇಜ್' ಆಯಿತು. ನಾವು ಅದಕ್ಕೆ 'ಸರಾಸರಿ' ಎನ್ನುತ್ತೇವೆ, ಅದು ಪಾರ್ಸಿ ಪದ. ನಷ್ಟ ಯಾರದು ಎಂದು ಕೇಳಿ, ಎಲ್ಲರೂ ಹೊರಬೇಕು ಎಂದು ಉತ್ತರಿಸಿದ ಪದ ಇದು ಎಂಬುದನ್ನು ನೆನಪಿಡಬೇಕು.

'ತರ್ಹಾ' ಎಂದರೆ ಅರಬಿಯಲ್ಲಿ ಬಿಸಾಡಿದ್ದು, ಕಳೆದದ್ದು. ಸ್ಪ್ಯಾನಿಷಿನಲ್ಲಿ 'ತಾರಾ', ಇಂಗ್ಲಿಷಿನಲ್ಲಿ 'ಟೇರ್'. ಸರಕಿನ ತೂಕದಿಂದ ಬುಟ್ಟಿ, ಚೀಲಗಳ ತೂಕವನ್ನು ಕಳೆಯುವುದು. ಸ್ಪ್ಯಾನಿಷಿನಲ್ಲಿ ಇದಕ್ಕೆ ದೋಷ, ಕೊರತೆ ಎಂಬ ಅರ್ಥವೂ ಇದೆ. ಟಂಕಸಾಲೆಗೆ ಸ್ಪ್ಯಾನಿಷಿನಲ್ಲಿ 'ಸೆಕಾ' ಎನ್ನುತ್ತಾರೆ. ಅದು ನಾಣ್ಯದ ಅಚ್ಚು ಎಂಬರ್ಥದ 'ಸಿಕ್ಕಾ'. ನಮ್ಮಲ್ಲಿ ಕಾಗದಕ್ಕೆ ಒತ್ತುವ ಮೊಹರು ಕೂಡ ಸಿಕ್ಕಾ. ಅವರ 'ಅಲ್ಮೊನೆದಾ' ಮತ್ತು ನಮ್ಮ 'ಹರಾಜು' ಎರಡೂ ಅರಬಿ ಮೂಲದವು, ಎರಡರ ಕೆಲಸವೂ ಒಂದೇ. ಇನ್ನು ನಮ್ಮಲ್ಲಿ ಮನೆಮಾತಾಗಿರುವ ಕಿಮ್ಮತ್ತು, ಲುಕ್ಸಾನು, ಖರಾಬು, ರದ್ದು, ಬಾಕಿ, ಸರಾಫ ಇವೆಲ್ಲ ಅರಬಿಯಿಂದ ಬಂದವು ಎಂಬುದು ಬಳಸುವವರಿಗೇ ಮರೆತುಹೋಗಿದೆ. ಮರೆಯುವಷ್ಟು ಅವು ನಮ್ಮವಾಗಿವೆ.

ಪದಗಳು ಮಾತ್ರ ದಾರಿ ನಡೆಯುವುದಿಲ್ಲ, ಅವುಗಳ ಬೆಲೆಯೂ ಏರಿಳಿಯುತ್ತದೆ. ಮೊರಾಕ್ಕೋ ಮತ್ತು ಸ್ಪೇನನ್ನು ಆಳಿದ ಮುರಾಬಿತ್ ದೊರೆಗಳ ಚಿನ್ನದ ದೀನಾರನ್ನು ಸ್ಪೇನಿನವರು 'ಮರವೆದಿ' ಎಂದು ಕರೆದರು. 12ನೇ ಶತಮಾನದಲ್ಲಿ ಕ್ರೈಸ್ತ ದೊರೆ ಎಂಟನೇ ಅಲ್ಫೋನ್ಸೋ ಟೊಲೆಡೋದಲ್ಲಿ ಅದೇ ಮಾದರಿಯ ಚಿನ್ನದ ನಾಣ್ಯಗಳನ್ನು ಅರಬಿ ಲಿಪಿಯಲ್ಲೇ ಅಚ್ಚು ಹಾಕಿಸಿದ. ಆ ನಾಣ್ಯಕ್ಕೆ ಅಷ್ಟು ನಂಬಿಕೆಯಿತ್ತು. ಮುಂದೆ ಮರವೆದಿ ಬೆಳ್ಳಿಯದಾಯಿತು, ಆಮೇಲೆ ತಾಮ್ರದ್ದಾಯಿತು. ಕೊನೆಗೆ 34 ಮರವೆದಿ ಸೇರಿದರೆ ಒಂದು ಬೆಳ್ಳಿ ರಿಯಾಲ್ ಎಂಬಲ್ಲಿಗೆ ಇಳಿಯಿತು. ನಮ್ಮಲ್ಲಿಯೂ ಹೀಗೆಯೇ. 'ಹಣ' ಒಂದು ಕಾಲದಲ್ಲಿ ಪುಟ್ಟ ಚಿನ್ನದ ನಾಣ್ಯ. 'ದುಡ್ಡು' ತಾಮ್ರದ ನಾಣ್ಯ. ಕವಡೆಯೂ ಹಣವಾಗಿ ಚಲಾವಣೆಯಲ್ಲಿತ್ತು. ಇಂದು ಏನಕ್ಕೂ ಬಾರದ್ದನ್ನು ಕವಡೆ ಕಿಮ್ಮತ್ತಿನದು ಎನ್ನುತ್ತೇವೆ.

ಇಳಿಸಿದ ಕೈಗಳು

ಚಿನ್ನದ ನಾಣ್ಯ ತಾಮ್ರವಾದದ್ದು ಸವೆತದಿಂದಲ್ಲ. ಅದರ ಹಿಂದೆ ದೊರೆಗಳಿದ್ದರು, ಯುದ್ಧಗಳಿದ್ದವು, ಖಾಲಿ ಬೊಕ್ಕಸಗಳಿದ್ದವು.

1330ರ ಸುಮಾರಿಗೆ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್ ಬೆಳ್ಳಿಯ ಬೆಲೆಗೆ ಓಡುವ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿದ. ಖೋಟಾ ನಾಣ್ಯ ತಡೆಯುವ ಉಪಾಯ ಅವನಲ್ಲಿರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತು ಎಂಬರ್ಥದಲ್ಲಿ ಇತಿಹಾಸಕಾರ ಝಿಯಾವುದ್ದೀನ್ ಬರನಿ ಬರೆದಿದ್ದಾನೆ. ಪ್ರಯೋಗ ಸೋತಿತು. ನಮ್ಮ ಶಾಲೆಯ ಪುಸ್ತಕಗಳು ಇದನ್ನು ಹುಚ್ಚುತನವೆಂದು ಹೇಳಿ ನಗುತ್ತವೆ. ಆದರೆ ನಂತರ ನಡೆದದ್ದನ್ನು ಅಷ್ಟಾಗಿ ಹೇಳುವುದಿಲ್ಲ. ಸುಲ್ತಾನನು ಆ ನಾಣ್ಯಗಳನ್ನು ಹಿಂದಕ್ಕೆ ಪಡೆದು ಬೊಕ್ಕಸದಿಂದ ಚಿನ್ನ, ಬೆಳ್ಳಿ ಕೊಡಿಸಿದ. ಖೋಟಾ ನಾಣ್ಯವೂ ಅದರೊಂದಿಗೆ ಬಂದು ಬಿತ್ತು. ತಾನು ಇಳಿಸಿದ ಬೆಲೆಯ ನಷ್ಟವನ್ನು ತಾನೇ ಹೊತ್ತ ದೊರೆಗಳು ಚರಿತ್ರೆಯಲ್ಲಿ ವಿರಳ.

ನಮ್ಮ ಕಲಬುರಗಿಯ ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಶಾಹನ ಆಳ್ವಿಕೆ 1358ರಿಂದ 1375ರವರೆಗೆ. ಅವನ ನಾಣ್ಯಗಳು ಶುದ್ಧ ಲೋಹದವು. ಸರಾಫರು ಅವುಗಳನ್ನು ಕರಗಿಸುತ್ತಿದ್ದರೆಂದೂ ವಿಜಯನಗರದ ಹೊನ್ನು, ಹಣಗಳೇ ಪೇಟೆಯಲ್ಲಿ ಓಡುತ್ತಿದ್ದವೆಂದೂ ಸುಲ್ತಾನನು ಅವರಿಗೆ ಕಠೋರ ಶಿಕ್ಷೆ ಕೊಟ್ಟನೆಂದೂ ಫಿರಿಶ್ತಾ ಬರೆಯುತ್ತಾನೆ. ಫಿರಿಶ್ತಾ ಬರೆದದ್ದು ಎರಡು ಶತಮಾನಗಳಿಗೂ ಹೆಚ್ಚು ಕಾಲದ ನಂತರ, ವಿಜಯಪುರದಲ್ಲಿ ಕುಳಿತು. ಆದ್ದರಿಂದ ಅವನ ಪ್ರತಿ ವಿವರವನ್ನೂ ಹಾಗೆಯೇ ನಂಬಬೇಕಿಲ್ಲ. ಇದನ್ನು ಧರ್ಮಧರ್ಮಗಳ ಜಗಳವಾಗಿ ಓದುವುದೂ ಸಲ್ಲದು. ಎರಡು ನಾಣ್ಯಗಳು ಒಂದೇ ಬೆಲೆಗೆ ಓಡುವಾಗ ಹೆಚ್ಚು ಲೋಹವಿರುವುದು ಮೂಸೆ ಸೇರುತ್ತದೆ, ಕಡಿಮೆ ಇರುವುದು ಪೇಟೆಯಲ್ಲಿ ಉಳಿಯುತ್ತದೆ. ಇದು ಎಲ್ಲ ದೇಶಗಳಲ್ಲೂ ನಡೆದ ಸಂಗತಿ.

ಕೈರೋದ ಇತಿಹಾಸಕಾರ ಅಲ್ ಮಕ್ರೀಝಿ ಮಾರುಕಟ್ಟೆಯ ಅಳತೆ, ತೂಕಗಳನ್ನು ಪರೀಕ್ಷಿಸುವ ಮುಹ್ತಸಿಬ್ ಆಗಿದ್ದವನು. 1405ರ ಸುಮಾರಿಗೆ ಅವನು ಈಜಿಪ್ಟಿನ ಕ್ಷಾಮಗಳ ಬಗ್ಗೆ ಒಂದು ಗ್ರಂಥ ಬರೆದ. ನೈಲ್ ನದಿ ಕೈಕೊಟ್ಟದ್ದಷ್ಟೇ ಸಂಕಟಕ್ಕೆ ಕಾರಣವಲ್ಲ, ಆಳುವವರು ಲಂಚಕ್ಕೆ ಹುದ್ದೆಗಳನ್ನು ಮಾರಿದ್ದು ಮತ್ತು ಮಿತಿಮೀರಿ ತಾಮ್ರದ ನಾಣ್ಯ ಹೊರಡಿಸಿದ್ದೂ ಕಾರಣ ಎಂದು ಆತ ವಾದಿಸಿದ. ಬೆಲೆಗಳು ಏರಿದವು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದಾಗ, ಏರಿಸಿದವರು ಯಾರು ಎಂದು ಕೇಳಿದವನು ಅವನು.

ಎರಡು ಶತಮಾನಗಳ ನಂತರ ಸ್ಪೇನಿನಲ್ಲಿ ಇದೇ ಕಥೆ ಮರುಕಳಿಸಿತು. ಅಮೆರಿಕ ಖಂಡದ ಗಣಿಗಳಿಂದ ಬೆಳ್ಳಿ ಹರಿದುಬರುತ್ತಿದ್ದರೂ ಯುದ್ಧ ಮತ್ತು ಸಾಲ ಆ ದೇಶವನ್ನು ಹಿಂಡುತ್ತಿದ್ದವು. ಮೂರನೇ ಫಿಲಿಪ್ ದೊರೆ ಸಣ್ಣ ನಾಣ್ಯಗಳಿಂದ ಬೆಳ್ಳಿಯನ್ನು ಪೂರ್ತಿ ತೆಗೆಸಿ ಬರೀ ತಾಮ್ರದಲ್ಲಿ ಅಚ್ಚು ಹಾಕಿಸಿದ. 1603ರಲ್ಲಿ ಜನರ ಕೈಯಲ್ಲಿದ್ದ ಹಳೆಯ ನಾಣ್ಯಗಳನ್ನು ತರಿಸಿ, ಅವುಗಳ ಮೇಲೆ ಇಮ್ಮಡಿ ಬೆಲೆಯ ಮುದ್ರೆ ಒತ್ತಿಸಿದ. ಜನರಿಗೆ ಸಿಕ್ಕಿದ್ದು ಹಿಂದಿನಷ್ಟೇ ಮುಖಬೆಲೆ, ಉಳಿದದ್ದು ಅರಮನೆಗೆ. ಇದಕ್ಕೆ ಇಟ್ಟ ಹೆಸರು 'ರೆಸೆಯ್ಯಾರ್', ಅಂದರೆ ಮರುಮುದ್ರೆ ಒತ್ತುವುದು. ಕಸಿದುಕೊಳ್ಳುವುದು ಎಂದು ಯಾರೂ ಕರೆಯಲಿಲ್ಲ. 1628ರಲ್ಲಿ ಅವನ ಮಗ ನಾಲ್ಕನೇ ಫಿಲಿಪ್ ಒಂದೇ ಆಜ್ಞೆಯಿಂದ ತಾಮ್ರದ ನಾಣ್ಯಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿದ. ತಾಮ್ರವನ್ನು ನಂಬಿದ್ದವರೆಂದರೆ ಕೂಲಿಗಳು, ಚಿಲ್ಲರೆ ವ್ಯಾಪಾರಿಗಳು.

ಇದನ್ನು ಎದುರಿಸಿ ಬರೆದವರು ಹುವಾನ್ ದೆ ಮರಿಯಾನಾ ಎಂಬ ವೃದ್ಧ ಪಾದ್ರಿ. ಪ್ರಜೆಗಳ ಒಪ್ಪಿಗೆಯಿಲ್ಲದೆ ನಾಣ್ಯದ ಮಟ್ಟ ಕೆಡಿಸುವುದು ಅವರ ಸೊತ್ತಿಗೆ ಕೈ ಹಾಕಿದಂತೆ ಎಂಬುದು ಅವರ ವಾದವಾಗಿತ್ತು. 1609ರಲ್ಲಿ ಆ ಬರಹ ಪ್ರಕಟವಾಯಿತು. ಎಪ್ಪತ್ತು ದಾಟಿದ ಆ ಪಾದ್ರಿಯನ್ನು ಬಂಧಿಸಿ ಮ್ಯಾಡ್ರಿಡಿನ ಮಠವೊಂದರಲ್ಲಿ ಇರಿಸಲಾಯಿತು.

ಅದೇ 1609ರಲ್ಲಿ ಅದೇ ದೊರೆ ಮತ್ತೊಂದು ಆಜ್ಞೆ ಹೊರಡಿಸಿದ. ಮುಸ್ಲಿಮ್ ಮೂಲದವರಾಗಿದ್ದು ಬಲವಂತದಿಂದ ಕ್ರೈಸ್ತರಾಗಿದ್ದ ಮೊರಿಸ್ಕೋ ಜನರನ್ನು ದೇಶದಿಂದ ಹೊರಗಟ್ಟುವುದು. 1614ರೊಳಗೆ ಸುಮಾರು 3 ಲಕ್ಷ ಜನ ಹುಟ್ಟಿದ ಮಣ್ಣನ್ನು ಬಿಟ್ಟು ಹೊರಟರು. ಹೊತ್ತೊಯ್ಯಲಾಗದ್ದನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಬೇಕಾಯಿತು, ಇಲ್ಲವೇ ಬಿಟ್ಟು ನಡೆಯಬೇಕಾಯಿತು. ಹೀಗೆ ಮಣ್ಣಿನ ಬೆಲೆಗೆ ಮಾರುವುದಕ್ಕೂ ಸ್ಪ್ಯಾನಿಷಿನಲ್ಲಿ ಕ್ರಿಯಾಪದವಿದೆ, 'ಮಾಲ್ಬರಾತಾರ್'. ನಾಣ್ಯದ ಬೆಲೆ ಮತ್ತು ಮನುಷ್ಯರ ಬೆಲೆ ಎರಡನ್ನೂ ಇಳಿಸಿದ್ದು ಒಂದೇ ಸಿಂಹಾಸನ.

ದಂಡಿನ ಬಟ್ಟಾ

ಸ್ಪೇನಿನ ಬೆಳ್ಳಿ ಬೆಂಗಳೂರಿನ ಕಡೆಗೂ ಹರಿದುಬಂತು. ಈಸ್ಟ್ ಇಂಡಿಯಾ ಕಂಪನಿ ಹಡಗುಗಳಲ್ಲಿ ಮದ್ರಾಸಿಗೆ ತರುತ್ತಿದ್ದ ಬೆಳ್ಳಿಯಲ್ಲಿ ಸ್ಪೇನಿನ ಡಾಲರುಗಳು ಇರುತ್ತಿದ್ದವು. 1807, 1808ರ ಸುಮಾರಿಗೆ ಮದ್ರಾಸಿನ ಟಂಕಸಾಲೆ ಆ ಡಾಲರುಗಳ ಮೇಲೆಯೇ ತನ್ನ ಮುದ್ರೆ ಒತ್ತಿದ ನಾಣ್ಯಗಳೂ ಉಂಟು. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ದಂಡು ನೆಲೆಗೊಂಡಿತು. ಅದು ಮದ್ರಾಸ್ ಸೇನೆಯದು. ಆ ಬೆಳ್ಳಿ ದಂಡಿನ ಸಿಪಾಯಿಗಳ ಕೈಗೂ ಬಂದಿರಬೇಕು.

ಅಂದಿನ ಮೈಸೂರು ಸೀಮೆಯಲ್ಲಿ ಎಷ್ಟು ಬಗೆಯ ನಾಣ್ಯಗಳಿದ್ದವೆಂದರೆ, 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವನ್ನು ಪಟ್ಟಿ ಮಾಡಬೇಕಾಯಿತು. ಟಿಪ್ಪು ಸುಲ್ತಾನರ ಚಿನ್ನದ ಅಹ್ಮದಿ, ಫಾರೂಕಿ, ಬೆಳ್ಳಿಯ ಹೈದರಿ, ಇಮಾಮಿ, ತಾಮ್ರದ ಝೊಹ್ರಾ ಒಂದು ಕಡೆ. ಕಂಠೀರವ ನರಸರಾಜ ಒಡೆಯರ ಕಾಲದಿಂದ ಬಂದ ಚಿನ್ನದ ಕಂಠೀರಾಯಿ ಹಣ ಇನ್ನೊಂದು ಕಡೆ. 10 ಹಣಕ್ಕೆ ಒಂದು ಕಂಠೀರಾಯಿ ವರಹ. ಆ ವರಹ ಲೆಕ್ಕದಲ್ಲಿ ಮಾತ್ರ ಇತ್ತು, ನಾಣ್ಯವಾಗಿ ಇರಲಿಲ್ಲ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ 7 ಲಕ್ಷ ತೆರಬೇಕಿತ್ತು. ಅದು ಕಂಠೀರಾಯಿ ವರಹದಲ್ಲಲ್ಲ, ಮದ್ರಾಸಿನ ಸ್ಟಾರ್ ಪಗೋಡದಲ್ಲಿ.

ಒಂದು ನಾಣ್ಯವನ್ನು ಮತ್ತೊಂದಕ್ಕೆ ಬದಲಿಸುವಾಗ, ಇಲ್ಲವೇ ತೂಕ ಕಡಿಮೆಯಾದ ನಾಣ್ಯವನ್ನು ಕೊಡುವಾಗ ಸರಾಫ ಮುರಿದುಕೊಳ್ಳುತ್ತಿದ್ದ ಪಾಲಿಗೆ 'ಬಟ್ಟಾ', ಕನ್ನಡದಲ್ಲಿ 'ವಟ್ಟ'. ಬ್ಯಾಂಕುಗಳ 'ವಟಾವು' ಇದೇ ಕುಟುಂಬದ ಪದ. ಇಂಗ್ಲಿಷರ ಬಾಯಲ್ಲಿಯೂ ಇದು 'ಬಟ್ಟಾ' ಆಯಿತು, ಸರಾಫ 'ಶ್ರಾಫ್' ಆದ. ಆದರೆ ಸಿಪಾಯಿಗೆ ಸಂಬಳದ ಮೇಲೆ ಕೊಡುವ ಹೆಚ್ಚುವರಿ ಭತ್ಯೆಗೂ ಇಂಗ್ಲಿಷರು 'ಬಟ್ಟಾ' ಎನ್ನುತ್ತಿದ್ದರು. 1886ರಲ್ಲಿ ಹೊರಬಂದ 'ಹಾಬ್ಸನ್ ಜಾಬ್ಸನ್' ಎಂಬ ಹೆಸರಾಂತ ನಿಘಂಟು ಇವು ಎರಡು ಬೇರೆ ಪದಗಳು, ಬಳಕೆಯಲ್ಲಿ ಕಲಸಿಹೋಗಿವೆ ಎಂದು ವಿವರಿಸುತ್ತದೆ. ಭತ್ಯೆಯ ಅರ್ಥದ ಬಟ್ಟಾವನ್ನು ಅದು ಕನ್ನಡದ 'ಭತ್ತ'ದೊಂದಿಗೆ ಜೋಡಿಸುತ್ತದೆ. ಸಿಪಾಯಿಗೆ ಊಟಕ್ಕೆಂದು ಕೊಟ್ಟದ್ದು ಒಂದು ಬಟ್ಟಾ, ಅವನ ನಾಣ್ಯದಿಂದ ಕಳೆದದ್ದು ಇನ್ನೊಂದು ಬಟ್ಟಾ. ದಂಡಿನ ಬಜಾರಿನಲ್ಲಿ ಎರಡೂ ಒಂದೇ ಉಚ್ಚಾರದಲ್ಲಿ ಓಡಾಡಿದವು.

ಇಂದಿನ ಸರಕಾರಿ ನೌಕರರ 'ತುಟ್ಟಿಭತ್ಯೆ'ಯಲ್ಲಿ ಈ ನಂಟು ಬೇರೊಂದು ರೂಪದಲ್ಲಿ ಉಳಿದಿದೆ. ರೂಪಾಯಿಯ ಕೊಳ್ಳುವ ಶಕ್ತಿ ಕುಗ್ಗಿದ್ದಕ್ಕೆ ಕೊಡುವ ಪರಿಹಾರ ಅದು. ಹೂ ಮಾರುವ ಅಜ್ಜಿಗೆ, ಗಾರೆ ಕೆಲಸದವನಿಗೆ ತುಟ್ಟಿ ಮಾತ್ರ ಉಂಟು, ಭತ್ಯೆ ಇಲ್ಲ.

ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು. ಕಂಪನಿಯ ರೂಪಾಯಿಯೇ ಎಲ್ಲೆಡೆ ನಿಂತಿತು. ಸರಾಫನ ಬಟ್ಟಾ ಕ್ರಮೇಣ ಹೋಯಿತು. ಬೆಲೆ ಇಳಿಸುವ ಅಧಿಕಾರ ದೂರದ ರಾಜಧಾನಿಯಲ್ಲಿ ಒಂದೆಡೆ ಸೇರಿತು.

ಸ್ವತಂತ್ರ ಭಾರತದಲ್ಲಿ

1949ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಪೌಂಡಿನ ಜೊತೆ ರೂಪಾಯಿಯೂ ಇಳಿಯಿತು. ಡಾಲರಿಗೆ 3.30 ಇದ್ದದ್ದು 4.76 ಆಯಿತು. 1966ರ ಜೂನ್ 6ರಂದು 4.76 ಇದ್ದದ್ದು 7.50 ಆಯಿತು. 1991ರ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ಮತ್ತೆ ಇಳಿಸಲಾಯಿತು. ಇವು ಮೂರೂ ಅಪಮೌಲ್ಯಗಳು, ಸರಕಾರದ ತೀರ್ಮಾನಗಳು. 1993ರಿಂದ ರೂಪಾಯಿಯ ದರ ಮುಖ್ಯವಾಗಿ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತದೆ. ಆದ್ದರಿಂದ ಇಂದು ಪತ್ರಿಕೆಗಳು "ರೂಪಾಯಿ ಕುಸಿಯಿತು" ಎಂದು ಬರೆಯುವುದು ತಪ್ಪಲ್ಲ. ಅದು ಅನೇಕ ಕೈಗಳು ಸೇರಿ ಆಗುವ ಕುಸಿತ. ಎಲ್ಲ ಇಳಿತದ ಹಿಂದೆಯೂ ಒಬ್ಬ ಖಳನನ್ನು ಹುಡುಕುವುದು ನ್ಯಾಯವಲ್ಲ. ಆದರೆ ಇಳಿಸಿದ್ದನ್ನು ಇಳಿಯಿತು ಎನ್ನುವುದೂ ನ್ಯಾಯವಲ್ಲ.

ಆಳುವವರಿಗೆ ಈ ಕ್ರಿಯಾಪದ ಬಲು ಭಾರ. 1967ರ ನವೆಂಬರಿನಲ್ಲಿ ಪೌಂಡಿನ ಬೆಲೆ ಇಳಿಸಿದ ಬ್ರಿಟಿಷ್ ಪ್ರಧಾನಿ ಹೆರಾಲ್ಡ್ ವಿಲ್ಸನ್, ಜನರ ಜೇಬಿನಲ್ಲಿರುವ ಪೌಂಡಿಗೆ ಏನೂ ಆಗಿಲ್ಲ ಎಂದು ಸಮಾಧಾನ ಹೇಳಲು ಹೋಗಿ ಹಾಸ್ಯಕ್ಕೀಡಾದರು. 1982ರಲ್ಲಿ ಮೆಕ್ಸಿಕೋದ ಅಧ್ಯಕ್ಷ ಲೋಪೆಸ್ ಪೋರ್ತಿಯೋ ಪೆಸೋವನ್ನು ನಾಯಿಯಂತೆ ಕಾಯುತ್ತೇನೆ ಎಂದರು. ಸ್ವಲ್ಪವೇ ದಿನಗಳಲ್ಲಿ ಪೆಸೋ ಕುಸಿಯಿತು, ಅಧ್ಯಕ್ಷರನ್ನು ಕಂಡಲ್ಲಿ ಜನ ಬೊಗಳುವ ಸದ್ದು ಮಾಡತೊಡಗಿದರು. 2001ರ ಡಿಸೆಂಬರಿನಲ್ಲಿ ಅರ್ಜೆಂಟೀನಾ ಸರಕಾರ ಜನರು ಬ್ಯಾಂಕಿನಿಂದ ಹಣ ತೆಗೆಯುವುದನ್ನು ಬಿಗಿಗೊಳಿಸಿತು. ಜನ ಅದನ್ನು 'ಕೊರ್ರಲಿತೋ' ಎಂದರು, ದನ ಕೂಡುವ ಪುಟ್ಟ ದೊಡ್ಡಿ ಎಂದರ್ಥ. 2002ರಲ್ಲಿ ಜನರ ಡಾಲರ್ ಠೇವಣಿಗಳನ್ನು ಡಾಲರಿಗೆ 1.40 ಪೆಸೋ ಲೆಕ್ಕದಲ್ಲಿ ಬದಲಿಸಲಾಯಿತು. ಪೇಟೆಯಲ್ಲಿ ಡಾಲರಿನ ಬೆಲೆ ಅದೇ ವರ್ಷ 3 ಪೆಸೋ ದಾಟಿತು. ಈ ಬದಲಾವಣೆಗೆ ಅಧಿಕಾರಿಗಳು ಹೊಸ ಪದ ಹುಟ್ಟಿಸಿದರು, 'ಪೆಸಿಫಿಕಾಸಿಯೋನ್'. ಪೆಸೋ ಆಗಿಸುವುದು ಎಂದಷ್ಟೇ ಅದರ ಅರ್ಥ. ಕೇಳಿದರೆ ಯಾರಿಗೂ ನೋವಾಗದ ಪದ.

ನಮ್ಮಲ್ಲಿ 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಒಟ್ಟು ಮೌಲ್ಯದಲ್ಲಿ ಅವುಗಳ ಪಾಲು ಶೇಕಡ 86. 'ಅಮಾನ್ಯೀಕರಣ' ಎಂಬುದು ಪುಸ್ತಕದ ಪದ, 'ನೋಟ್‌ಬಂದಿ' ಬೀದಿಯ ಪದ, 'ರದ್ದತಿ' ಪತ್ರಿಕೆಯ ಪದ. ಅರಬಿಯಲ್ಲಿ 'ರದ್ದ್' ಎಂದರೆ ಹಿಂದಿರುಗಿಸುವುದು. ವಿಪರ್ಯಾಸವೆಂದರೆ ರದ್ದಾದ ನೋಟುಗಳಲ್ಲಿ ಶೇಕಡ 99.3ರಷ್ಟು ಬ್ಯಾಂಕುಗಳಿಗೆ ಹಿಂದಿರುಗಿದವು ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ತಿಳಿಸಿತು. ಉಳಿದ ಅತ್ಯಲ್ಪ ಪಾಲಿನಲ್ಲಿ ನಮ್ಮ ಬೀದಿಯ ಅಜ್ಜಿಯ ನಾಲ್ಕು ನೋಟುಗಳೂ ಸೇರಿವೆ.

ಈ ಕ್ರಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅಲ್ಲಿ ಎದ್ದ ಪ್ರಶ್ನೆಗಳಲ್ಲಿ ಒಂದು, ಈ ತೀರ್ಮಾನದ ಕರ್ತೃ ಯಾರು ಎಂಬುದು. ರಿಸರ್ವ್ ಬ್ಯಾಂಕೋ, ಸರಕಾರವೋ? 2023ರ ಜನವರಿ 2ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಆ ಕ್ರಮವನ್ನು ಎತ್ತಿಹಿಡಿದರು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಭಿನ್ನ ತೀರ್ಪು ಬರೆದರು. ಪ್ರಸ್ತಾಪ ಬಂದದ್ದು ಸರಕಾರದಿಂದ, ಹಾಗಿದ್ದ ಮೇಲೆ ಅದು ಅಧಿಸೂಚನೆಯಿಂದಲ್ಲ, ಕಾನೂನಿನ ಮೂಲಕ ಆಗಬೇಕಿತ್ತು ಎಂಬುದು ಅವರ ಅಭಿಪ್ರಾಯದ ಸಾರ. ಕ್ರಿಯಾಪದಕ್ಕೆ ಕರ್ತೃವನ್ನು ಹುಡುಕುವುದು ವ್ಯಾಕರಣದ ಮೇಷ್ಟ್ರ ಕೆಲಸ ಮಾತ್ರ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಖರಾಬು ಎಂದವರು ಯಾರು?

ಮತ್ತೆ ಕಗ್ಗದಾಸಪುರಕ್ಕೆ ಬರೋಣ. ಇದು ಕೆ.ಆರ್. ಪುರ ಹೋಬಳಿಯ ಒಂದು ಹಳ್ಳಿಯಾಗಿತ್ತು. ಇಂಥ ಹಳ್ಳಿಗಳ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 'ಫೂಟ್ ಖರಾಬು' ಎಂಬ ಕಾಲಂ ಇರುತ್ತದೆ. ಅದನ್ನು ಕಳೆದ ಮೇಲೆ 'ಉಳಿದದ್ದು'. ಖರಾಬಿನಲ್ಲಿ ಎರಡು ಬಗೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ 'ಎ' ಖರಾಬು ಬೇಸಾಯಕ್ಕೆ ಒದಗದ ನೆಲ. 'ಬಿ' ಖರಾಬು ಸಾರ್ವಜನಿಕರಿಗಾಗಿ ಬಿಟ್ಟದ್ದು, ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ, ಕಬರಸ್ತಾನ.

ಖರಾಬು ಎಂದರೆ ಕೆಟ್ಟದ್ದು, ಹಾಳಾದದ್ದು. ಊರಿಗೆ ನೀರು ಕೊಡುವ ಕೆರೆ, ದನ ನಡೆಯುವ ದಾರಿ, ಹಿರಿಯರು ಮಲಗಿರುವ ಜಾಗ ಕೆಟ್ಟ ನೆಲ ಹೇಗಾದೀತು? ಕಂದಾಯ ತರುವುದಿಲ್ಲ ಎಂಬ ಕಾರಣಕ್ಕೆ ಅದು ದಫ್ತರದಲ್ಲಿ ಖರಾಬು. ಬೆಲೆ ಕಟ್ಟಿದ್ದು ಬೊಕ್ಕಸದ ಕಣ್ಣು, ಊರಿನ ಕಣ್ಣಲ್ಲ. ಬೆಂಗಳೂರು ಬೆಳೆದಂತೆ ಈ ನೆಲಕ್ಕೆ ಚಿನ್ನದ ಬೆಲೆ ಬಂದಿದೆ. ಪಹಣಿಯಲ್ಲಿ ಹೆಸರು ಮಾತ್ರ ಈಗಲೂ ಖರಾಬು. ಹೀಗೆ ಹೆಸರಿಟ್ಟದ್ದನ್ನು ಕಳೆದುಕೊಂಡರೆ ಕಳೆದುಕೊಂಡೆವು ಎಂದು ನಮಗೆ ಅನಿಸುವುದೂ ಇಲ್ಲ.

ಮನುಷ್ಯರ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಹುಡುಗಿಯ ಪಟ್ಟಿಯ ಕೊನೆಯಲ್ಲಿ 'ದೆಸ್ಪ್ರೆಸಿಯಾರ್' ಎಂಬ ಪದವಿತ್ತು. 'ದೆಪ್ರೆಸಿಯಾರ್'ಗಿಂತ ಒಂದೇ ಅಕ್ಷರ ಹೆಚ್ಚು. ಮೂಲದಲ್ಲಿ ಬೆಲೆ ಕಳೆಯುವುದು ಎಂಬ ಅರ್ಥವೇ, ಬಳಕೆಯಲ್ಲಿ ತಿರಸ್ಕರಿಸುವುದು. ಉರ್ದುವಿನಲ್ಲಿ ಮಾನ ಹೋಯಿತು ಎನ್ನಲು ಹೆಸರಿಗೆ 'ಬಟ್ಟಾ' ಹತ್ತಿತು ಎನ್ನುತ್ತಾರೆ, ಸರಾಫನ ಅದೇ ಬಟ್ಟಾ. ಕನ್ನಡದಲ್ಲಿ ಗೌರವಿಸುವುದಕ್ಕೆ "ಬೆಲೆ ಕೊಡು" ಎನ್ನುತ್ತೇವೆ, ಕಡೆಗಣಿಸಿದರೆ "ಅವನ ಮಾತಿಗೆ ಕಿಮ್ಮತ್ತಿಲ್ಲ". ಮೂರೂ ಭಾಷೆಗಳು ನಾಣ್ಯದ ಪದವನ್ನು ಮನುಷ್ಯನಿಗೆ ಅನ್ವಯಿಸಿವೆ.

ಪವಿತ್ರ ಕುರ್‌ಆನಿನಲ್ಲಿ ಇದಕ್ಕೊಂದು ಕ್ರಿಯಾಪದವಿದೆ, 'ಬಖಸ'. ಸಲ್ಲಬೇಕಾದ ಬೆಲೆಯನ್ನು ಕಡಿಮೆ ಮಾಡುವುದು ಎಂದರ್ಥ. ಪ್ರವಾದಿ ಶುಐಬ್(ಅ) ಮದ್‌ಯನ್ ಪಟ್ಟಣದ ವ್ಯಾಪಾರಿಗಳಿಗೆ ಅಳತೆ, ತೂಕ ಪೂರ್ತಿ ಕೊಡಿ ಎಂದು ಬೋಧಿಸುವಾಗ, ಜನರ ವಸ್ತುಗಳ ಬೆಲೆ ತಗ್ಗಿಸಬೇಡಿ ಎಂದು ತಡೆಯುವಲ್ಲಿ ಬರುವುದು ಈ ಪದ. ಬಾಲಕ ಯೂಸುಫ್(ಅ)ರನ್ನು ಕೆಲವೇ ನಾಣ್ಯಗಳಿಗೆ ಮಾರಿದ ಬೆಲೆಯನ್ನು ಹೇಳುವಾಗಲೂ ಇದೇ ಮೂಲದ ಪದವಿದೆ. ಎರಡೂ ಕಡೆ ಬೆಲೆ ತಾನಾಗಿ ಇಳಿಯಲಿಲ್ಲ. ಇಳಿಸುವವರನ್ನು ಎದುರಿಗೆ ನಿಲ್ಲಿಸಿ ಮಾತನಾಡಲಾಗಿದೆ.

ನಾವು ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ಪುಟದಲ್ಲಿ ಎರಡು ಸಾಲುಗಳಿವೆ, ಮೂರನೆಯದೊಂದು ಹಾಕಿಕೋ, ಪ್ರತಿ ಪದದ ಎದುರು ಮಾಡಿದವರು ಯಾರು ಮತ್ತು ನಷ್ಟ ಯಾರಿಗೆ ಎಂದು ಬರೆದುಕೋ, ಆಗ ಪದಗಳು ಬೇರೆ ಬೇರೆ ಎಂದು ತಾನಾಗಿ ತಿಳಿಯುತ್ತದೆ ಎಂದೆವು. ಆಕೆ ಗೆರೆ ಎಳೆದುಕೊಂಡಳು.

ಅಜ್ಜಿಯ ನೋಟುಗಳಿಗೆ ನಾವು ಏನೂ ಮಾಡಲಾಗಲಿಲ್ಲ. ಎರಡು ಸಾವಿರ ರೂಪಾಯಿ ಎಂದರೆ ಎಷ್ಟು ದಿನದ ಹೂವು ಎಂದು ಕೇಳಿದಾಗ ಅವರು ಬೆರಳು ಮಡಿಚಿ ಲೆಕ್ಕ ಹಾಕಿದರು, ಆಮೇಲೆ ನಕ್ಕು ಸುಮ್ಮನಾದರು. ನೋಟುಗಳನ್ನು ಮಡಿಚಿ ಮತ್ತೆ ಡಬ್ಬಿಗೇ ಹಾಕಿದರು.